ತಾಯಿಯ ಸಹಿ

ಪೊಯೆನಿ ಹಳ್ಳಿ, ಒರ್ಹೇಯ್ ಜಿಲ್ಲೆ, ಮಾಲ್ಡೋವಾ
ಭಾನುವಾರ, 30 ಸೆಪ್ಟೆಂಬರ್ 2007

ಪ್ರೀತಿಯ ಜಿನಾ,

ಹೇಗಿದ್ದೀಯ? ಸೊಂಟ ಹೇಗಿದೆ? ನೀನು ನೋಡಿಕೊಳ್ಳುವ ಆ ಮುದುಕಿಯನ್ನು ಸ್ನಾನಕ್ಕೆ ಒಬ್ಬಳೇ ಎತ್ತಬೇಡ, ಅವಳ ಮಗನನ್ನು ಕೂಗಿ ಕರೆ ಎಂದು ನಾನು ಹೇಳುವುದು, ನೀನು ಹೂಂ ಎನ್ನುವುದು, ಆಮೇಲೆ ಒಬ್ಬಳೇ ಎತ್ತುವುದು, ಐದು ವರ್ಷದಿಂದ ಇದೇ ಆಯಿತು. ನನ್ನಮ್ಮ ಕುರಿ ಉಣ್ಣೆಯ ಸೊಂಟಪಟ್ಟಿ ಹೆಣೆದಿದ್ದಾಳೆ, ಪಾರ್ಸೆಲ್ಲಿನ ತಳದಲ್ಲಿದೆ. ಚುಚ್ಚಿದರೂ ಕಟ್ಟಿಕೋ. ಅದರ ಮೇಲೆ ಪ್ಲಮ್ ಜಾಮಿನ ಎರಡು ಬಾಟಲಿ, ಚೀಸು, ಈ ವರ್ಷದ ಅಕ್ರೋಟು. ಕಾಗದದ ಮೇಲಿನ ಕಪ್ಪು ಬೆರಳಚ್ಚು ಅಕ್ರೋಟಿನ ಸಿಪ್ಪೆಯದು, ಎಷ್ಟು ಉಜ್ಜಿದರೂ ಹೋಗಲಿಲ್ಲ, ಬೈಯಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ದ್ರಾಕ್ಷಿ ತುಳಿದಾಯಿತು, ಪೀಪಾಯಿ ಬುಸುಗುಡುತ್ತಿದೆ, ಅಂಗಳದ ತುಂಬ ಕಣಜದ ಹುಳ.

ಈಗ ಸುದ್ದಿ. ನಮ್ಮ ಮಗ ದೊರಿನ್ ಹದಿನೇಳು ವರ್ಷದೊಳಗಿನವರ ರಾಷ್ಟ್ರೀಯ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾಗಿದ್ದಾನೆ. ಇಡೀ ದೇಶದಿಂದ ಹದಿನೆಂಟು ಹುಡುಗರು, ಅದರಲ್ಲಿ ನಮ್ಮವನೊಬ್ಬ. ಎಡಗಡೆ ಡಿಫೆನ್ಸ್ ಆಡುತ್ತಾನೆ. ಟಿ.ವಿ.ಯಲ್ಲಿ ಹೆಸರು ಓದಿದಾಗ ನಾನು ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದೆ, ಊರವರು ಕಾಲು ಹಿಡಿದು ಹೊರಗೆಳೆದರು. ಅಕ್ಟೋಬರ್ ನಡುವೆ ಅರ್ಹತಾ ಪಂದ್ಯಗಳು. ಎಲ್ಲಿ ಗೊತ್ತೇ? ಇಟಲಿಯಲ್ಲಿ, ಫಾಯೆನ್ಸಾದಲ್ಲಿ. ನೀನಿರುವ ಇಮೋಲಾದಿಂದ ರೈಲಿನಲ್ಲಿ ಹತ್ತು ಹದಿನೈದು ನಿಮಿಷವೆಂದು ಇಟಲಿಗೆ ಪಾರ್ಸೆಲ್ ಒಯ್ಯುವ ಬಸ್ಸಿನ ಡ್ರೈವರ್ ಅಂದ್ರೋನಿಕ್ ಹೇಳಿದ. ತಂಡ ಗೆಲ್ಲುತ್ತದೆಂದು ಯಾರೂ ಅಂದುಕೊಂಡಿಲ್ಲ. ಹೋದ ವರ್ಷದ ಹುಡುಗರು ಮೂರು ಆಟದಲ್ಲಿ ಹನ್ನೊಂದು ಗೋಲು ತಿಂದು ಬಂದಿದ್ದರು. “ಸೋಲೋಕೆ ಅಷ್ಟು ದೂರ ಯಾಕೋ ಹೋಗ್ಬೇಕು? ಇಲ್ಲೇ ಸೋತು ಊಟಕ್ಕೆ ಬರಬಾರ್ದಾ?” ಎಂದು ಅಮ್ಮ ಮೊಮ್ಮಗನನ್ನು ಕೆಣಕಿದಳು. ಆಮೇಲೆ ಒಲೆಯ ಹಿಂದೆ ಹೋಗಿ ಅತ್ತಳು.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಇನ್ನು ಮುಂದಿನದನ್ನು ಫೋನಿನಲ್ಲಿ ಹೇಳಲು ನನ್ನಿಂದಾಗಲಿಲ್ಲ, ಜಿನಾ. ಕೈಯಲ್ಲಿ ಕೆಲಸವಿದ್ದರೆ ಬಿಟ್ಟು ಕೂತು ಓದು.

ಹೋದ ಸೋಮವಾರ ಕೋಚ್ ಬುರ್ಲಾಕು ನನ್ನನ್ನು ರಾಜಧಾನಿ ಕಿಷಿನೌಗೆ ಕರೆಸಿದರು. ಅಪ್ರಾಪ್ತ ಹುಡುಗ ದೇಶ ಬಿಟ್ಟು ಹೋಗಬೇಕಾದರೆ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು. ನೀನು ಹೊರಡುವ ಮುಂಚೆ ನೋಟರಿಯ ಮುಂದೆ ಸಹಿ ಮಾಡಿಕೊಟ್ಟಿದ್ದ ಅಧಿಕಾರ ಪತ್ರವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು, ಗಡ್ಡ ಬೋಳಿಸಿಕೊಂಡು ಹೋದೆ. ಬುರ್ಲಾಕು ಕುರ್ಚಿಯಿಂದೆದ್ದು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ನಿಮ್ಮನೆಯವ್ರ ವಿಷಯ ಹುಡುಗ ಹೇಳ್ದ. ದೇವ್ರು ಅವ್ರ ಆತ್ಮಕ್ಕೆ ಶಾಂತಿ ಕೊಡ್ಲಿ. ಕೇಳೋಕೆ ನಂಗೇ ಸಂಕಟ ಆಗುತ್ತೆ, ಆದ್ರೂ ಮರಣಪತ್ರದ ನಕಲು ಒಂದು ಬೇಕಲ್ಲ, ಗುರುವಾರದೊಳಗೆ,” ಎಂದರು.

ನಿನ್ನ ಸಹಿ ನನ್ನ ಎದೆಯ ಮೇಲಿತ್ತು. ನಾನು ಏನೆಂದೆ ಗೊತ್ತೇ? “ತರ್ತೀನಿ” ಎಂದೆ. ನಿಜ ಹೇಳಿದರೆ ಸುಳ್ಳುಗಾರನೆಂದು ಹುಡುಗನನ್ನು ಕೈಬಿಟ್ಟಾರು, ಹೇಳದಿದ್ದರೆ ಇಲ್ಲದ ಮರಣಪತ್ರ ಎಲ್ಲಿಂದ ತರಲಿ? ಬಸ್ಸಿನಲ್ಲಿ ಒರ್ಹೇಯ್ ದಾಟಿದ್ದೂ ತಿಳಿಯಲಿಲ್ಲ, ನಮ್ಮ ತಿರುವು ಬಿಟ್ಟು ಎರಡು ಊರು ಮುಂದೆ ಹೋಗಿ ನಡೆದು ವಾಪಸ್ಸು ಬಂದೆ.

ದೊರಿನ್ ಮರದ ಕೆಳಗೆ ಅಕ್ರೋಟು ಬಡಿಯುತ್ತಿದ್ದ. ನಾನು ಕೈ ಎತ್ತಿದೆ, ಜಿನಾ. ಅವನು ಓಡಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಈಗ ನನಗಿಂತ ಎತ್ತರ ಅವನು. ಎತ್ತಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಕೊಂಬೆ ಹಿಡಿದು ನಿಂತೆ. “ಸತ್ತೋದ್ಲು ಅಂದ್ರೆ ಒಂದೇ ಸಲ ಕೇಳ್ತಾರೆ ಅಪ್ಪಾ. ಇಟಲೀಲಿದಾಳೆ ಅಂದ್ರೆ ದಿನಾ ಕೇಳ್ತಾರೆ. ಯಾವಾಗ ಬರ್ತಾಳೆ, ಯಾಕೆ ಬರಲ್ಲ, ಅಲ್ಲಿ ಯಾರ್ ಜೊತೆ ಇದಾಳೆ ಅಂತ,” ಎಂದ. ವಸಂತದ ಶಿಬಿರದಲ್ಲಿ ರಾಜಧಾನಿಯ ಹುಡುಗನೊಬ್ಬ “ನಿಮ್ಮಮ್ಮ ಯಾವ ಮುದುಕನ ಅಂಡು ತೊಳೀತಾಳೋ?” ಎಂದನಂತೆ. ಇವನು ಅವನ ಹಲ್ಲು ಮುರಿದನಂತೆ. ಯಾಕೆ ಹೊಡೆದೆ ಎಂದು ಕೋಚ್ ಕೇಳಿದಾಗ, “ನಮ್ಮಮ್ಮ ಸತ್ತೋಗಿದಾಳೆ ಸರ್” ಎಂದುಬಿಟ್ಟನಂತೆ. ಅವತ್ತಿನಿಂದ ಎಲ್ಲರೂ ಇವನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರಂತೆ. ಸುಳ್ಳು ಸಿಹಿಯಾಗಿತ್ತು, ಉಗುಳಲಾಗಲಿಲ್ಲ.

ತಪ್ಪು ಅವನೊಬ್ಬನದೇ ಎಂದು ನಾನು ಹೇಳಲಾರೆ. ನೀನು ಫೋನ್ ಮಾಡಿದಾಗೆಲ್ಲ “ಅಭ್ಯಾಸಕ್ಕೆ ಹೋಗಿದಾನೆ” ಎನ್ನುತ್ತಿದ್ದೆನಲ್ಲ, ಎಷ್ಟೋ ಸಲ ಅವನು ನನ್ನೆದುರೇ ಕೂತು ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ. ನಿನಗೆ ನೋವಾದೀತೆಂದು ಮುಚ್ಚಿಟ್ಟೆ. ಅವನಿಗೆ ಸುಳ್ಳು ಕಲಿಸಿದವನು ನಾನೇ ಇರಬೇಕು.

ಗುರುವಾರ ಇಬ್ಬರೂ ಹೋದೆವು. ನಾನು ಹೇಳುತ್ತೇನೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ: “ಸರ್, ಅಮ್ಮ ಬದುಕಿದಾಳೆ. ಇಮೋಲಾದಲ್ಲಿದಾಳೆ.” ನಾನು ನಿನ್ನ ಅಧಿಕಾರ ಪತ್ರವನ್ನು ಮೇಜಿನ ಮೇಲಿಟ್ಟೆ. ಬುರ್ಲಾಕು ಅದನ್ನು ಓದಿದರು, ತಿರುಗಿಸಿ ಸಹಿ ನೋಡಿದರು, ಮಡಿಸಿದರು, ಮತ್ತೆ ಬಿಚ್ಚಿದರು. ಕಡೆಗೆ ಅವನತ್ತ ನೋಡಿ, “ನಿನ್ ಜೊತೆ ಆಡೋ ಹುಡುಗರಲ್ಲಿ ಏಳು ಜನರ ತಾಯಂದಿರು ಹೊರದೇಶದಲ್ಲಿದಾರೆ ಕಣೋ. ನನ್ ಹೆಂಡ್ತಿ ಲಿಸ್ಬನ್ನಲ್ಲಿದಾಳೆ. ನಾವ್ಯಾರೂ ಅವರನ್ನ ಹೂತಿಲ್ಲ,” ಎಂದರು. ಆಮೇಲೆ ಬಾಗಿಲತ್ತ ಕೈ ತೋರಿಸಿ, “ಹೋಗಿ ಹುಡುಗರಿಗೆ ನೀನೇ ಹೇಳು. ಹೇಳಿದ್ರೆ ವಿಮಾನ ಹತ್ತು, ಇಲ್ಲಾಂದ್ರೆ ಅಪ್ಪನ ಜೊತೆ ಊರಿಗೆ ಹೋಗು,” ಎಂದರು.

ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಮುಚ್ಚಿತು. ಹೊರಗೆ ಓಣಿಯಲ್ಲಿ ನಾನು, ಕೈಯಲ್ಲಿ ಟೋಪಿ. ಅವನ ದನಿ ಗುಣುಗುಣು ಕೇಳಿಸಿತು, ನಿಂತಿತು. ಹೊಡೆದಾರೆಂದು ಬಾಗಿಲಿಗೆ ಕೈ ಹಾಕಿದ್ದೆ. ಆಗ ಒಳಗಿನಿಂದ ಒಬ್ಬ ಕೂಗಿದ: “ಲೇ ಕಳ್ಳಾ, ಈಸ್ಟರ್ ದಿನ ನಿಮ್ಮಮ್ಮನಿಗೆ ಅಂತ ನಾವೆಲ್ಲ ಮೇಣದಬತ್ತಿ ಹಚ್ಚಿದ್ವಲ್ಲೋ! ಮಂಡಿಯೂರಿ ಅತ್ತಿದೀನಿ ನಾನು!” ಯಾರೋ ನಕ್ಕರು, ಆಮೇಲೆ ಎಲ್ಲರೂ. ಅದು ಒಳ್ಳೆಯ ನಗುವೋ ಕೆಟ್ಟದ್ದೋ ನನಗೆ ಇನ್ನೂ ಗೊತ್ತಾಗಿಲ್ಲ. ದೊರಿನ್ ಕಿವಿ ಕೆಂಪಗೆ ಮಾಡಿಕೊಂಡು ಹೊರಬಂದ, “ಹೋಗ್ತಿದೀನಿ ಅಪ್ಪಾ” ಎಂದ. ಅಷ್ಟೇ.

ಈಗ ನನಗೆ ಬೇರೆ ಚಿಂತೆ. ಆಟದ ಮೈದಾನದ ಬಾಗಿಲಲ್ಲಿ ಪೊಲೀಸರಿರುತ್ತಾರೆ, ರೈಲಿನಲ್ಲೂ ಗುರುತುಪತ್ರ ಕೇಳುತ್ತಾರೆ. ನಿನ್ನ ಬಳಿ ವಾಸದ ಪರವಾನಗಿ ಇಲ್ಲ. ಹಿಡಿದು ವಾಪಸ್ಸು ಕಳಿಸಿದರೆ ಐದು ವರ್ಷದ ಕಷ್ಟ ನೀರುಪಾಲು. ಬಾ ಎಂದು ಬರೆಯಲಾರೆ, ಬರಬೇಡ ಎಂದು ಬರೆಯಲಂತೂ ಆಗದು. ಹನ್ನೊಂದು ವರ್ಷದವನನ್ನು ಬಿಟ್ಟು ಹೋದೆ, ಅವನಿಗೀಗ ಹದಿನಾರು. ನೀನೇ ಯೋಚನೆ ಮಾಡು. ಯಾವುದು ಮಾಡಿದರೂ ನಾನು ನಿನ್ನ ಪಕ್ಷ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಪಟ್ಟಿ ತೊಳೆಯುವಾಗ ಬಿಸಿನೀರು ಹಾಕಬೇಡ ಎಂದಿದ್ದಾಳೆ. ದೇವರು ನಿನ್ನನ್ನು ಕಾಯಲಿ.

ನಿನ್ನ
ಅಫನಾಸಿ

ತಾ.ಕ.: ಅಂದ್ರೋನಿಕ್ ಗೇಟಿನ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಈಗಷ್ಟೇ ಬುರ್ಲಾಕು ಫೋನ್ ಮಾಡಿದ್ದರು. ನೀನು ರೈಲು ಹತ್ತಬೇಕಿಲ್ಲವಂತೆ. ಹದಿನಾಲ್ಕನೇ ತಾರೀಖು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಮೋಲಾದ ಆ ಪಾರ್ಸೆಲ್ ಬಸ್ಸು ನಿಲ್ಲುವ ಜಾಗಕ್ಕೆ ತಂಡದ ಬಸ್ಸನ್ನೇ ತಿರುಗಿಸುತ್ತಾರಂತೆ. ಆಟಗಾರರ ಜೊತೆ ಕೂತು ಬಂದವರನ್ನು ಯಾರೂ ಕಾಗದ ಕೇಳುವುದಿಲ್ಲವಂತೆ. ಇನ್ನೊಂದು. ನಿನ್ನನ್ನು ಸತ್ತವಳೆಂದು ಹೇಳಿದ್ದನ್ನು ತಾನೇ ನಿನ್ನೆದುರು ನಿಂತು ಹೇಳುತ್ತೇನೆ, ಅಲ್ಲಿಯವರೆಗೆ ನಿನಗೆ ತಿಳಿಸಬಾರದೆಂದು ದೊರಿನ್ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾನೆ. ನಾನು ಆಣೆ ಮುರಿದೆ, ನೀನು ಒಮ್ಮೆಲೇ ಕೇಳಿ ಕುಸಿದೀಯೆಂದು ಹೆದರಿ. ಈ ಕಾಗದವನ್ನು ಸುಟ್ಟುಬಿಡು. ಅವನು ಹೇಳುವಾಗ, ಜಿನಾ, ಮೊದಲ ಸಲ ಕೇಳುತ್ತಿರುವವಳ ಹಾಗೆ ಕೇಳು. ಪೂರ್ತಿ ಹೇಳಲು ಬಿಡು.