ಪಂಚ್ ಹಾಕದ ಏಳು ಬೋಲ್ಟ್

ಮಾರ್ಚ್ 26, ರಾತ್ರಿ

ಚುನಾವಣೆ ಬಂತು. ಎಲ್ಲರೂ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಒಪ್ಪಿಸುವ ಮೊದಲು ಸರ್ವೀಸ್ ಆಗಬೇಕೆಂದು ನನ್ನ ಅಂಗಡಿಗೇ ಓಡಿ ಬರುತ್ತಾರೆ. ಇವತ್ತು ಏಳು ರೈಫಲ್. ಗುಂಡು ತುಂಬಿ ಹಿಂದಿನಿಂದ ಮುಚ್ಚುವ ಬೋಲ್ಟ್ ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಅದರೊಳಗೆ ಗುಂಡಿಗೆ ಬಡಿಯುವ ಸೂಜಿಯ ಹಿಂದಿನ ಸ್ಕ್ರೂ ಬಿಗಿದಾಯಿತು. ಪಂಚ್ ಹಾಕುವುದು ಬಾಕಿ. ಸ್ಕ್ರೂ ಅಂಚಿನ ಲೋಹಕ್ಕೆ ಪಂಚ್ ಇಟ್ಟು ಹೊಡೆದು ಕಚ್ಚಿಸದಿದ್ದರೆ ಅದು ಅಲುಗಿ ಅಲುಗಿ ಸಡಿಲಾಗುತ್ತದೆ. ಮಿಲಿಟರಿಯಲ್ಲಿ ಇಪ್ಪತ್ತೆರಡು ವರ್ಷ ಇದನ್ನೇ ಹೇಳಿಕೊಟ್ಟವನು ನಾನು. ಕಣ್ಣು ಮಂಜು... ನಾಳೆ ಬೆಳಿಗ್ಗೆ.

ಜೂನ್ 19, ಸಂಜೆ 5

ನೆಲ್ಯಾಡಿಯ ಷೈಜು ಬಂದ. ರಬ್ಬರ್ ತೋಟದವನು. ಠಾಣೆಯಿಂದ ಕೋವಿ ಬಿಡಿಸಿಕೊಂಡು ನಾಲ್ಕೇ ದಿನ.

"ನಿನ್ನೆ ಬೋಲ್ಟ್ ಮುಚ್ಚಿದ್ದೇ ಗುಂಡು ಹಾರಿತು ಅಣ್ಣ. ಕುದುರೆಗೆ ಬೆರಳು ಹಾಕಲೇ ಇಲ್ಲ. ಮಗಳು ನೀತು ಪಕ್ಕದಲ್ಲೇ ಇದ್ದಳು, ಸ್ವಲ್ಪದರಲ್ಲಿ ಬಚಾವ್."

ಬಿಚ್ಚಿ ನೋಡಿದೆ. ಸ್ಕ್ರೂ ಅರ್ಧ ಹೊರಗೆ, ಸೂಜಿ ಮುಂದಕ್ಕೆ ಚಾಚಿ ನಿಂತಿದೆ. ಪಂಚ್ ಗುರುತೇ ಇಲ್ಲ. ಸಿಟ್ಟು ನೆತ್ತಿಗೇರಿತು.

"ಯಾವ ನಾಚಿಕೆ ಇಲ್ಲದವನಿಗೆ ಕೊಟ್ಟದ್ದು ಮಾರಾಯ ಇದನ್ನು?"

ಅವನು ನನ್ನ ಮುಖವನ್ನೇ ನೋಡಿದ. "ನಿಮಗೇ ಕೊಟ್ಟದ್ದಲ್ವ, ಮಾರ್ಚಲ್ಲಿ."

5.20

ಹಿಂದಿನ ಪುಟ ತೆಗೆದೆ. ಮಾರ್ಚ್ 26 ಉಂಟು. 27 ಖಾಲಿ. ಆ ದಿನ ಒಪ್ಪಿಸಲು ಕೊನೇ ದಿನ, ಎಂಟು ಗಂಟೆಗೇ ಎಲ್ಲರೂ ಬಂದು ನಿಂತರು. ಕೊಟ್ಟು ಕಳಿಸಿದೆ. ಏಳನ್ನೂ. ಆ ನಾಚಿಕೆ ಇಲ್ಲದವನು ನಾನೇ.

5.50

ಉಳಿದ ಆರು ಮಂದಿಗೆ ಫೋನ್ ಮಾಡುತ್ತಿದ್ದೇನೆ. ಟೋಮಿ ಸಿಕ್ಕಿದ. ಕಾಸಿಂ ಬೈದ, ಬೈಯಲಿ. ಕೋವಿ ಮುಟ್ಟಬೇಡಿ ಎಂದಷ್ಟೇ ಎಲ್ಲರಿಗೂ ಹೇಳಿದೆ. ಐದು ಮನೆ ಆಯಿತು. ಉಳಿದದ್ದು ಆಲೆಟ್ಟಿಯ ತ್ಯಾಂಪಣ್ಣ ಭಾವ, ತಂಗಿಯ ಗಂಡ. ಅವರು ಗೋಡೆಯಿಂದ ಕೋವಿ ಇಳಿಸುವುದೇ ವರ್ಷಕ್ಕೊಮ್ಮೆ ಎಂದು ಕೊನೆಗೆ ಇಟ್ಟೆ.

6.10

ತಂಗಿ ಲೋಲಾಕ್ಷಿ ಫೋನ್ ಎತ್ತಿದಳು.

"ಅವರು ಫೋನ್ ಬಿಟ್ಟು ಹೋಗಿದ್ದಾರೆ ಅಣ್ಣ. ಹಂದಿ ಬಂದುಂಟು ಅಂತ ಈಗಷ್ಟೇ ಕೋವಿ ಹಿಡ್ಕೊಂಡು ತೋಟಕ್ಕೆ ಹೋದರು. ಎಂತ ಆಯ್ತು?"

"ಓಡು. ಬೋಲ್ಟ್ ಮುಚ್ಚಬೇಡಿ ಅಂತ ಹೇಳು. ಓಡು ಮಾರಾಯ್ತಿ."

ಫೋನ್ ಕಟ್ ಮಾಡದೆ ಇಟ್ಟು ಓಡಿದ್ದಾಳೆ. ಸ್ಪೀಕರ್ ಹಾಕಿ ಮುಂದಿಟ್ಟುಕೊಂಡಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅವಳು ಕೂಗುವುದು ಕೇಳುತ್ತದೆ. ದೂರ. ನಾಯಿ ಬೊಗಳುತ್ತಿದೆ. ಅವಳು ಇನ್ನೊಮ್ಮೆ ಕೂಗಿದಳು. ಈಗ ಒಂದು ಗುಂಡಿನ ಸದ್ದು —