ಬಂಡೆ ಈಗ ಗುರ್ ಎನ್ನುವುದಿಲ್ಲ

ಮನೆಯಿಂದ,
ಬುಧವಾರ, ಮಧ್ಯಾಹ್ನ ಮೂರೂವರೆ

ಪ್ರೀತಿಯ ಪಾಪುವಿನ ಅಪ್ಪನಿಗೆ,

ಇವತ್ತು ಮಧ್ಯಾಹ್ನ ಹನ್ನೆರಡು ಇಪ್ಪತ್ತಕ್ಕೆ ಒಂದು ಸದ್ದಿಗೆ ಎಚ್ಚರವಾಯಿತು. ಡಬ್ಬಿಯ ಮುಚ್ಚಳ ಒತ್ತಿ ಹಾಕಿದಂತೆ, ಕಟಕ್, ಒಂದೇ ಸಲ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನೀವು ಹೇಗಿದ್ದೀರಿ? ಸುರಂಗದ ದೂಳಿಗೆ ಹಿಡಿದ ಕೆಮ್ಮು ಬಿಟ್ಟಿತೇ? ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ ‘ಕಟ್ಕೋತೀನಿ ಕಣೇ’ ಎನ್ನುತ್ತೀರಿ, ಕಟ್ಟಿಕೊಳ್ಳುವುದಿಲ್ಲ, ನನಗೆ ಗೊತ್ತು. ಪಾಪುವಿಗೆ ಕೆಳಗೆ ಎರಡು ಹಲ್ಲು ಬಂದಿವೆ. ಅಂಬೆಗಾಲಿನಲ್ಲಿ ನಡೆಯುವುದಲ್ಲ, ಓಡುತ್ತಾಳೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟರೆ ಕೈ ಮುಂದೆ ಹೋಗುತ್ತಿಲ್ಲ.

ಇವಳು ಅಂಬೆಗಾಲಿಡತೊಡಗಿದಾಗಿನಿಂದ, ನಾನು ನೆಟ್ಟಗೆ ನಿದ್ದೆ ಮಾಡಿ ಹನ್ನೊಂದು ದಿನವಾಯಿತು. ರಾತ್ರಿಯೆಲ್ಲ ಅಡುಗೆಮನೆಯ ಬಾಗಿಲಿಗೆ ಕುರ್ಚಿ ಅಡ್ಡ ಹಾಕಿಕೊಂಡು, ಒಳಗೆ ಬಂಡೆ, ಹೊರಗೆ ಪಾಪು, ನಡುವೆ ನಾನು. ಅಂಗೈ ಮೇಲೆ ಕೂರುವಷ್ಟು ಮರಿ ತಂದು, ಸುರಂಗ ಕೊರೆಯುವವನ ನಾಯಿಗೆ ಬೇರೆ ಯಾವ ಹೆಸರಿಡಲಿ ಎಂದು ನಕ್ಕಿರಲ್ಲ, ಆ ಬಂಡೆಗೆ ಈಗ ಒಂದೂವರೆ ವರ್ಷ, ಐವತ್ತೆರಡು ಕಿಲೋ, ನನಗಿಂತ ಮೂರು ಕಿಲೋ ಹೆಚ್ಚು. ಬೀದಿಗೆ ಇಳಿದರೆ ನಾನು ಬೆಲ್ಟಿನ ತುದಿಯಲ್ಲಿ ಗಾಳಿಪಟ. ಮೇಲಿನ ಮನೆಯ ಮೇಷ್ಟ್ರು ದಿನವೂ, ‘ಏನಮ್ಮ, ಇವತ್ತು ನಿಮ್ಮನ್ನ ಎಲ್ಲೀವರೆಗೆ ಸುತ್ತಾಡಿಸ್ದ?’ ಎನ್ನುತ್ತಾರೆ. ಎಳೆದಾಟವನ್ನು ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಬಾಗಿಲು ಕೆರೆಯುವುದು, ದಿಂಬು ಹರಿಯುವುದು, ಅದೂ ಆಗಲಿ. ಆದರೆ ಅವನು ಏನನ್ನಾದರೂ ತನ್ನದೆಂದು ಇಟ್ಟುಕೊಂಡರೆ ಹತ್ತಿರ ಹೋಗುವಂತಿಲ್ಲ ಎನ್ನುವುದು ಬೇರೆಯೇ ಮಾತು.

ನೆನಪಿದೆಯಾ, ಪಾಪು ಹುಟ್ಟಿದ ವಾರ ಅವನು ಊಟದ ತಟ್ಟೆಯ ಮುಂದೆ ಗುರ್ ಎಂದ. ಮಗು ಬೆಚ್ಚಿ ಅತ್ತಿತು. ನೀವು ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ತಂದು ಅವನ ಮುಖಕ್ಕೆ ಹೊಡೆದಿರಿ. ಗುರ್ ಎಂದಾಗಲೆಲ್ಲ ಹೀಗೇ ಮಾಡು, ಮನೆಯಲ್ಲಿ ಸದ್ದಿರಬಾರದು ಎಂದು ಬಾಟಲಿಯನ್ನು ನನ್ನ ಕೈಗೆ ಕೊಟ್ಟು ಕ್ಯಾಂಪಿಗೆ ಹೊರಟಿರಿ. ನಾನು ಓದಿದವಳಲ್ಲವೇ, ಫ್ರಿಜ್ಜಿನ ಮೇಲೆ ಪಟ್ಟಿಯನ್ನೇ ಅಂಟಿಸಿದೆ. ಮೊದಲ ವಾರ ಹತ್ತೊಂಬತ್ತು ಸಲ ಗುರ್, ಆಮೇಲೆ ಹನ್ನೆರಡು, ಐದು, ಕೊನೆಗೆ ಸೊನ್ನೆ. ಸೊನ್ನೆ ಬಂದ ದಿನ ನಿಮಗೆ ಎಷ್ಟು ಜಂಬದಿಂದ ಬರೆದೆ. ನೀವು ಕ್ಯಾಂಪಿನಲ್ಲೆಲ್ಲ ಹೇಳಿಕೊಂಡು ತಿರುಗಿದಿರಂತೆ.

ಇವತ್ತು ಪಾಪುವಿನ ಪಕ್ಕ ಚಾಪೆಯ ಮೇಲೆ ಒರಗಿದ್ದೆ. ಕುರ್ಚಿ ಅಡ್ಡವಿರಲಿಲ್ಲ, ಕಣ್ಣು ಎಳೆದುಕೊಂಡು ಹೋಯಿತು. ಬಂಡೆ ಮೇಜಿನ ಕೆಳಗೆ ನಿಮ್ಮ ಹಳೇ ಕಾಲುಚೀಲ ಇಟ್ಟುಕೊಂಡು ಮಲಗಿದ್ದ ಎಂದು ಕಾಣುತ್ತದೆ. ಇವಳು ಅದಕ್ಕೆ ಕೈ ಹಾಕಿದ್ದಾಳೆ. ಆ ಕಟಕ್ ಅವನ ಹಲ್ಲಿನದು. ಎದ್ದು ನೋಡಿದಾಗ ಅವನು ಗೋಡೆಗೆ ಅಂಟಿಕೊಂಡು ನಡುಗುತ್ತಾ ನಿಂತಿದ್ದ. ಇವಳು ಅಳುವುದನ್ನೂ ಮರೆತು ನನ್ನನ್ನೇ ನೋಡುತ್ತಿದ್ದಳು.

ನಾಯಿ ಡಾಕ್ಟರಮ್ಮನಿಗೆ ಫೋನ್ ಮಾಡಿದೆ, ಗಂಟೆಯೊಳಗೆ ಬಂದರು. ಫ್ರಿಜ್ಜಿನ ಪಟ್ಟಿಯನ್ನು ಬೆರಳಿಟ್ಟು ಸೊನ್ನೆಯವರೆಗೂ ಓದಿದರು. ‘ಗುರ್ ಅನ್ನೋದು ತಪ್ಪಲ್ಲಮ್ಮ, ಅದು ದೂರ ಇರು ಅಂತ ಅವನು ಹೇಳೋ ಮಾತು. ಆ ಮಾತನ್ನ ನೀವು ಕಿತ್ಕೊಂಡ್ರಿ. ಇನ್ನು ಅವನು ಹೇಳದೇ ಮಾಡ್ತಾನೆ’ ಎಂದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ತಿದ್ದಬಹುದಂತೆ, ತಿಂಗಳುಗಟ್ಟಲೆ ಇಬ್ಬರು ದೊಡ್ಡವರು ಬೇಕಂತೆ, ಮಗುವನ್ನೂ ಅವನನ್ನೂ ಒಂದು ಕೋಣೆಯಲ್ಲಿ ಬಿಡಬಾರದಂತೆ. ಇರುವುದೇ ಒಂದು ಕೋಣೆ, ಒಬ್ಬಳು ನಾನು. ನಾಳೆ ಬೆಳಿಗ್ಗೆ ಎಂಟಕ್ಕೆ ನಾಯಿಗಳ ಆಶ್ರಯದ ಗಾಡಿ ಬರುತ್ತದೆ. ಫಾರಂ ಕೊಟ್ಟು ಹೋಗಿದ್ದಾರೆ.

ಇಲ್ಲಿಂದ ನಿಮಗೆ ಫೋನ್ ಸಿಗುವುದಿಲ್ಲವಲ್ಲ, ಲಾರಿ ಡ್ರೈವರಣ್ಣ ಐದಕ್ಕೆ ಕ್ಯಾಂಪಿಗೆ ಹೊರಡುತ್ತಾನೆ, ರಾತ್ರಿಯೇ ತಲುಪುತ್ತಾನೆ, ಅವನ ಕೈಯಲ್ಲೇ ಇದನ್ನು ಕೊಡುತ್ತೇನೆ. ಕೆಮ್ಮಿಗೆ ಔಷಧಿಯನ್ನೂ ಇಟ್ಟಿದ್ದೇನೆ, ಮರೆಯಬೇಡಿ. ಪಾಪು ನಿಮ್ಮ ಫೋಟೋಗೆ ಮುತ್ತು ಕೊಟ್ಟು ಒದ್ದೆ ಮಾಡಿಟ್ಟಿದ್ದಾಳೆ.

ನಿಮ್ಮ,
ಪಾಪುವಿನ ಅಮ್ಮ

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಅವಳ ಕಿವಿಯ ಹಿಂದೆ ಹಲ್ಲಿನ ಎರಡು ಗುರುತುಗಳಿವೆ. ಡಾಕ್ಟರಮ್ಮ ಬರುವ ಮುಂಚೆ ಸೋಪು ಹಾಕಿ ತೊಳೆದು ಕುಲಾವಿ ಹಾಕಿಬಿಟ್ಟೆ, ತಾಗಲಿಲ್ಲ ಎಂದೆ. ಪತ್ರ ಕೊಟ್ಟು ನೇರ ಮಕ್ಕಳ ಆಸ್ಪತ್ರೆಗೆ ಹೋಗುತ್ತೇನೆ, ಅಲ್ಲಿ ಸುಳ್ಳು ಹೇಳುವುದಿಲ್ಲ. ಫಾರಂನಲ್ಲಿ ‘ಯಾರನ್ನಾದರೂ ಕಚ್ಚಿದೆಯೇ’ ಎಂಬ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಹೌದು ಎಂದರೆ ಅವನಿಗೆ ಒಂದು ಇಂಜೆಕ್ಷನ್, ಮತ್ತೆ ಏಳುವುದಿಲ್ಲ, ಅಷ್ಟೇ. ಇಲ್ಲ ಎಂದರೆ ಅವನನ್ನು ಇನ್ನೊಂದು ಮನೆಗೆ ಕೊಡುತ್ತಾರೆ, ಅಲ್ಲೂ ಒಂದು ಮಗುವಿರಬಹುದು, ಅದಕ್ಕೂ ಅವನು ಗುರ್ ಎನ್ನುವುದಿಲ್ಲ. ಏನು ಬರೆಯಬೇಕೆಂದು ನನಗೆ ಗೊತ್ತು ರೀ, ಗೊತ್ತಿಲ್ಲದೆ ಕೇಳುತ್ತಿಲ್ಲ. ಒಬ್ಬಳೇ ಬರೆಯಲಾರೆ. ಆಫೀಸಿನವರ ಕೈಕಾಲು ಹಿಡಿದಾದರೂ ಬೆಳಿಗ್ಗೆ ಎಂಟರೊಳಗೆ ಫೋನ್ ಮಾಡಿ. ಅವನು ಕುರ್ಚಿಯ ಆಚೆಯಿಂದ ಅದರ ಕಾಲುಗಳ ನಡುವೆ ತಲೆ ತೂರಿಸಿ ನನ್ನ ಪಾದದ ಮೇಲೆ ಇಟ್ಟು ಮಲಗಿದ್ದಾನೆ. ಫೋನ್ ಮಾಡಿ.