ಕಚ್ಚಿಟ್ಟ ರೊಟ್ಟಿ

ಬುಖಾರಾ, ಆಗಸ್ಟ್ 17, 1920

ಇವತ್ತೂ ಹಳದಿ ಕಡಾಯಿ. ರೇಷ್ಮೆ ನೂಲು ಅದ್ದಿ, ಹಿಂಡಿ, ಹರವಿ ಆಯಿತು. ಎಷ್ಟು ತೊಳೆದರೂ ಕೈಯ ಬಣ್ಣ ಹೋಗದು. ರಷ್ಯಾದ ಕಜಾನಿನಿಂದ ಕದ್ದು ಬಂದ ಕ್ರಾಂತಿಯ ಕರಪತ್ರದ ಪುಟಪುಟದಲ್ಲೂ ನನ್ನ ಹಳದಿ ಹೆಬ್ಬೆಟ್ಟು. ನಮ್ಮನ್ನಾಳುವ ಅಮೀರನ ಪೇದೆಗೆ ಸಿಕ್ಕರೆ ಬೇರೆ ಸಾಕ್ಷಿ ಬೇಡ.

ಸಾವಿರ ವರ್ಷದ ಹಿಂದೆ ಇದು ರಾಜಧಾನಿ. ಎಲ್ಲೆಲ್ಲಿಂದಲೋ ಇಲ್ಲಿಗೆ ಓದಲು ಬರುತ್ತಿದ್ದರು. ಚಂಗೀಸ್ ಖಾನ್ ಸುಟ್ಟ. ಮತ್ತೆ ಎದ್ದಿತು. ಈಗ? ಪತ್ರಿಕೆ ಓದಿದವನಿಗೆ ಕೋಲಿನೇಟು. ಕುಡಿಯುವ ಕೊಳದಲ್ಲಿ ಹುಳು. ಹುಳುಕು ಹಲ್ಲು ಈ ಊರು — ಕೀಳಲೇಬೇಕು.

ಅಮ್ಮನಿಗೂ ಹೇಳಿದೆ.

"ಹಲ್ಲು ಕೀಳೋಕೆ ಹೋದವರು ದವಡೆ ಕಿತ್ತಾರು, ಜೋಪಾನ ಕಣೋ," ಅಂದಳು.

ಆಗಸ್ಟ್ 19, ಬೆಳಿಗ್ಗೆ

ಪಕ್ಕದ ಕೇರಿಯಲ್ಲಿ ನಮ್ಮ ಗುಂಪಿನ ಇಬ್ಬರನ್ನು ಹಿಡಿದಿದ್ದಾರೆ. ಕಾಗಾನಿಗೆ ಹೊರಡಬೇಕು. ರೈಲು ನಿಲ್ದಾಣದ ಆ ರಷ್ಯನ್ ಪೇಟೆಗೆ ಅಮೀರನ ಕೈ ಚಾಚದು.

ಅಮ್ಮ ರೊಟ್ಟಿ ತಂದು ಬಾಯಿಗೆ ಹಿಡಿದಳು. ಊರು ಬಿಡುವವನು ಒಂದು ತುತ್ತು ಕಚ್ಚಬೇಕು. ಉಳಿದದ್ದು ಗೋಡೆಯ ಗೂಟಕ್ಕೆ. ಮರಳಿ ಬಂದು ಅವನೇ ತಿಂದು ಮುಗಿಸಬೇಕು. ನಡುವೆ ತೆಗೆದರೆ ಅವನು ದಾರಿ ತಪ್ಪುತ್ತಾನಂತೆ.

"ಇದೆಲ್ಲ ಮೂಢನಂಬಿಕೆ, ಅಮ್ಮ."

"ಇರಲಿ. ಮೂಢಳ ಮಗ ತಾನೇ ನೀನು? ಕಚ್ಚು."

ಕಚ್ಚಿದೆ. ಅವಳ ಮುಖ ನೋಡಲಾಗದೆ ತಮಾಷೆ ಮಾಡಿದೆ: "ಬಕ್ರೀದಿಗೆ ಬಂದು ತಿಂತೀನಿ. ಅಲ್ಲೀವರೆಗೆ ನೀನೇ ಕಾವಲು. ಕದಲಕೂಡದು."

"ಹ್ಞೂಂ," ಅಂದಳು. ನಗಲಿಲ್ಲ.

ಕಾಗಾನ್, ಆಗಸ್ಟ್ 25

ಬಕ್ರೀದ್. ನಡೆದೇ ಹೋಗಬಹುದಾದ ದೂರ. ಹೋಗುವಂತಿಲ್ಲ... ಊರಬಾಗಿಲಲ್ಲಿ ನನ್ನ ಹೆಸರು ಹಿಡಿದು ವಿಚಾರಿಸುತ್ತಿದ್ದಾರಂತೆ.

"ಹೆಸರು ಯಾಕೋ ಮಾರಾಯ, ಆ ಕೈ ನೋಡಿದ್ರೆ ಸಾಲದಾ?" ಎಂದ ಉಬೈದ್. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವನು. ಅವನ ಕೋಣೆಯಲ್ಲೇ ನನ್ನ ವಾಸ.

ಸಭೆಯಲ್ಲಿ ಅಮೀರನನ್ನು ಕಿತ್ತೊಗೆಯಬೇಕೆಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ನಾನೇ. ರೈಲಿನಲ್ಲಿ ರಷ್ಯನ್ನರ ಕೆಂಪು ಸೇನೆಯ ಫಿರಂಗಿಗಳು ಬಂದಿವೆ. ಊರಬಾಗಿಲು ಒಡೆಯುವುದಕ್ಕಷ್ಟೇ, ಅನ್ನುತ್ತಾರೆ.

ಆಗಸ್ಟ್ 27

ವಿಮಾನಗಳೂ ಬಂದವು. ಬಾಗಿಲು ಒಡೆಯಲು ವಿಮಾನ ಯಾಕೆ? ಮುಖಂಡರನ್ನು ಕೇಳಿದೆ. "ನೀನು ಕರಪತ್ರ ಬರಿ, ಸಾಕು," ಅಂದರು.

ಕರಬೂಜ ಮಾರುವ ರೋಜಿ ಊರೊಳಗೆ ಹೋಗುತ್ತಿದ್ದ. ಅಮ್ಮನಿಗೆ ಹೇಳಿ ಕಳಿಸಿದೆ: ಗಿಜ್ದುವಾನಿಗೆ, ಚಿಕ್ಕಮ್ಮನ ಮನೆಗೆ ಹೊರಡು. ತಡ ಮಾಡಬೇಡ.

ಆಗಸ್ಟ್ 28, ಸಂಜೆ

ರೋಜಿ ಬಂದ.

"ನಿಮ್ಮಮ್ಮ ಜಗ್ಗಲ್ಲ ಕಣಪ್ಪ. 'ಕದಲಬೇಡ ಅಂತ ಅವನೇ ಹೇಳಿ ಹೋಗಿದಾನೆ. ರೊಟ್ಟಿ ಗೋಡೆ ಮೇಲಿದೆ. ಅವನು ಬಂದು ತಿನ್ನಲಿ, ಆಮೇಲೆ ಹೊರಡ್ತೀನಿ' ಅಂದ್ರು. ನನ್ನ ಕರಬೂಜ ಸಪ್ಪೆ ಅಂತ ಬೈದ್ರು ಬೇರೆ."

"ತಮಾಷೆಗೆ ಹೇಳಿದ್ದು ಅಂತ ಹೇಳಬಾರದಿತ್ತಾ?"

"ನೀನು ಹಾಗೆ ಹೇಳಿ ಕಳಿಸಿರಲಿಲ್ಲವಲ್ಲಪ್ಪ."

ಇನ್ನೊಮ್ಮೆ ಹೋಗು ಎಂದು ಬೇಡಿದೆ. ಬಾಗಿಲುಗಳೆಲ್ಲ ಮುಚ್ಚಿವೆ, ಅಂದ.

ಆಗಸ್ಟ್ 30

ಕಿಟಕಿಯ ಗಾಜು ನಡುಗುತ್ತಿದೆ, ನಿನ್ನೆಯಿಂದ. ಬೇರೆಡೆ ಬೆಳಕು ಆಕಾಶದಿಂದ ಇಳಿಯುತ್ತದೆ, ಬುಖಾರಾದಲ್ಲಿ ಮಾತ್ರ ನೆಲದಿಂದ ಏರುತ್ತದೆ — ಅಜ್ಜ ಹೇಳುತ್ತಿದ್ದ. ನಾನು ನಗುತ್ತಿದ್ದೆ.

ಏರುತ್ತಿದೆ. ಇಲ್ಲಿಂದಲೇ ಕಾಣುತ್ತದೆ.

ಸೆಪ್ಟೆಂಬರ್ 2

ಗೆದ್ದೆವು. ಅಮೀರ ಓಡಿಹೋದ. ಉಬೈದ್ ತಬ್ಬಿಕೊಂಡು ಅತ್ತ. ಒಳಗೆ ಹೋಗಲು ನಮಗಿನ್ನೂ ಅಪ್ಪಣೆಯಿಲ್ಲ. ಊರು ಉರಿಯುತ್ತಲೇ ಇದೆ.

ಬುಖಾರಾ, ಸೆಪ್ಟೆಂಬರ್ 6

ಕೋಟೆ ಕಪ್ಪಾಗಿದೆ. ಚಂಗೀಸ್ ಕೂಡ ಉಳಿಸಿದ್ದ ಮಿನಾರಿಗೆ ಗುಂಡಿನ ಗಾಯ. ಬೀದಿಯಲ್ಲಿ ಗ್ರಂಥಗಳ ಬೂದಿ — ಅಕ್ಷರ ಕಾಣುತ್ತದೆ, ಮುಟ್ಟಿದರೆ ಪುಡಿ. ನಮ್ಮ ಕೇರಿ ಗುರುತು ಸಿಗಲಿಲ್ಲ. ಕೊಳ ನೋಡಿ ಪತ್ತೆ ಹಿಡಿದೆ.

ಸೂರು ಬಿದ್ದಿದೆ. ಪಡುವಣ ಗೋಡೆಯೊಂದೇ ನಿಂತಿದೆ. ಗೂಟದಲ್ಲಿ ರೊಟ್ಟಿ.

ನೆರೆಮನೆಯ ಸಬೋಹತ್ ಅಜ್ಜಿ ಕಲ್ಲಿನ ಮೇಲೆ ಕೂತಿದ್ದಳು. "ಆ ಗೋಡೆ ಬುಡದಲ್ಲೇ ಸಿಕ್ಕಳು ಕಣೋ ನಿಮ್ಮಮ್ಮ. ಶುಕ್ರವಾರ ಮಣ್ಣು ಮಾಡಿದ್ವಿ."

ಅವಳ ಮೊಮ್ಮಕ್ಕಳು ರೊಟ್ಟಿಯನ್ನೇ ನೋಡುತ್ತಿದ್ದರು.

"ಇವಕ್ಕೆ ಕೊಡಬಾರದಿತ್ತಾ, ಅಜ್ಜಿ?"

"ಹಸಿದು ಅತ್ತವು. ಆದ್ರೂ ಯಾರೂ ಮುಟ್ಟಲಿಲ್ಲ. ನೀನು ದಾರಿ ತಪ್ಪಬಾರದಲ್ಲಾ." ಗೂಟದತ್ತ ಬೆರಳು ತೋರಿ, "ಬಂದೆಯಲ್ಲ. ತಿನ್ನು."

ಅದೇ ದಿನ, ಸಂಜೆ

ಉಬೈದ್ ಹೇಳಿ ಕಳಿಸಿದ: ಚೌಕದಲ್ಲಿ ವಿಜಯದ ಸಭೆ, ಮೊದಲ ಭಾಷಣ ನಿನ್ನದೇ. ಊಟ ಮುಗಿದಿಲ್ಲ ಎಂದು ಹೇಳಿ ಕಳಿಸಿದೆ.

ರೊಟ್ಟಿ ಕಲ್ಲಾಗಿದೆ. ನೀರಲ್ಲಿ ನೆನೆಸಿದೆ. ಅಂಚಿನಲ್ಲಿ ನನ್ನ ಹಲ್ಲಿನ ಗುರುತು ಹಾಗೇ ಇದೆ. ಬೂದಿಯ ರುಚಿ. ಮೆಲ್ಲಗೆ ತಿನ್ನುತ್ತಿದ್ದೇನೆ. ಇನ್ನೊಂದೇ ತುಣುಕು. ಇದನ್ನೂ ತಿಂದರೆ ನಾನು ಬಂದು ಸೇರಿದಂತೆ. ಆಮೇಲೆ ಅಮ್ಮ ಇಲ್ಲಿ ಕಾಯಬೇಕಾಗಿಲ್ಲ. ಕದಲಬಹುದು. ಅದಕ್ಕೇ ಈ ತುಣುಕನ್ನು ಕೈಯಲ್ಲೇ ಹಿಡಿದು ಕೂತಿದ್ದೇನೆ.